ತಾಸಿಗೋ, ಬ್ರಾಸಿಗೋ

ಹನ್ನೆರಡನೆಯ ಕಾಲಮ್ಮಿನ ಚೌಕ
ಹೆಬ್ಬೆರಳಿನ ಉಗುರಿಗಿಂತ ಸಣ್ಣದು.
ಅದರಲ್ಲಿ ಕೂಡಬೇಕು
ಲಾಡ್ಲೇಸಾಬನ ಏಳು ದಿನ.

ಶಹಾಬಾದಿನ ಖಣಿ. ಏಪ್ರಿಲ್. ಹನ್ನೊಂದು ಗಂಟೆಗೇ
ಕಲ್ಲು ಮುಟ್ಟಿದ ಕೈ ತಾನಾಗಿ ಹಿಂದಕ್ಕೆ ಬರುತ್ತದೆ.
ಗೋಣಿಚೀಲಕ್ಕೆ ನೀರು ಚಿಮುಕಿಸಿ ಹಾಸಿದ, ಕೂತೆ.
ಕೇಳಿದೆ, ತರಬೇತಿಯಲ್ಲಿ ಹೇಳಿಕೊಟ್ಟ ಹಾಗೆ, ಒಂದಕ್ಷರ ಬಿಡದೆ:
ಕಳೆದ ಏಳು ದಿನಗಳಲ್ಲಿ, ದಿನವೊಂದಕ್ಕೆ, ತಾವು ಪಡೆದ ಕೂಲಿ ಎಷ್ಟು?

"ಯಾವ ದಿನದ್ ಹೇಳ್ಲಿ ಸಾಹೇಬ್ರ?
ಸೋಮವಾರ ಪದರು ಛಲೋ ಎದ್ವು, ಒಂದೂವರಿ ಬ್ರಾಸ್.
ಮಂಗಳಾರ ಉಳಿ ಹಚ್ಚಿದ್ರ ಸಾಕು, ಒಡದ್ವು.
ಬುಧವಾರ ಲಾರೀನೇ ಬರ್ಲಿಲ್ಲ.
ಎದ್ದರ ಪರ್ಸಿ, ಒಡದರ ಜಲ್ಲಿ.
ಜಲ್ಲಿಗಿ ಪಗಾರಿಲ್ರಿ."

ಬರೆದೆ. ಅಳಿಸಿದೆ. ಮತ್ತೆ ಬರೆದೆ.
ದಸರೆಗೆ ಎತ್ತಿದ ಉಚಲದಲ್ಲಿ
ವಾರಕ್ಕಿಷ್ಟು ಮುರಿದುಕೊಳ್ಳುತ್ತಾನೆ ಗುತ್ತೇದಾರ;
ಮುರಿದದ್ದು ಕೂಲಿಯೋ, ಸಾಲವೋ?
ಉಳಿ ಹಣಿಸಲು ಶನಿವಾರ ಕಂಬಾರ ಮಾನಪ್ಪನಿಗೆ ಕೊಡುವುದು
ಇವನ ಕಿಸೆಯಿಂದ. ಎರಡು ಹೊತ್ತಿನ ಚಹಾ ಗುತ್ತೇದಾರನದು.
ಚಹಾಕ್ಕೆ ಕಾಲಮ್ಮಿದೆ, ಕಂಬಾರನಿಗಿಲ್ಲ.

ಎದುರಿಗೆ ಕಾಶಿಂಬಿ
ಪರ್ಸಿ ಹೊತ್ತು ತಂದು ಅಟ್ಟಿ ಹಚ್ಚುತ್ತಿದ್ದಳು.
"ಇವರ ಕೂಲಿ?"
"ಇಬ್ಬರದೂ ಕೂಡೇ ಬರತದ. ಬಟವಡಿ ನನ್ನ ಹೆಸರೀಗಿ."
ಕೈಪಿಡಿ ತೆರೆದೆ, ಪುಟ ನಲವತ್ತೊಂದು:
ಮನೆಯ ಸಹಾಯಕಿ, ಕೂಲಿ ಸೊನ್ನೆ.
ಸೊನ್ನೆ ಆ ಚೌಕದಲ್ಲಿ ಲಕ್ಷಣವಾಗಿ ಕೂತಿತು,
ಸಿಂಬೆಯ ಹಾಗೆ.
ಹೊರೆ ಮಾತ್ರ ಇಲ್ಲ.

ಆಮೇಲಿನದು ನನ್ನ ಕೈಯಲ್ಲಿಲ್ಲ.
ಕಲಬುರಗಿಯ ಕಚೇರಿ, ಬೆಂಗಳೂರು, ದಿಲ್ಲಿ,
ದಿಲ್ಲಿಯಾಚೆ ನಾಲಗೆ ಹೊರಳದ ಹೆಸರಿನ ಒಂದು ಊರು.
ಅಲ್ಲಿ ರೂಪಾಯಿ ಡಾಲರಾಗುತ್ತದೆ,
ಡಾಲರು ಕರಗಿ ಕೊಳ್ಳುವ ಶಕ್ತಿಯಾಗುತ್ತದೆ.
ಒಂದು ಬುಟ್ಟಿ ಮಾಡುತ್ತಾರಂತೆ:
ಹಿಟ್ಟು, ಹಾಲು, ಕ್ಷೌರ, ಬಸ್ಸಿನ ಟಿಕೆಟ್ಟು, ಮನೆ ಬಾಡಿಗೆ.
ಅದನ್ನು ತುಂಬಲು ಎಲ್ಲೆಲ್ಲಿ ಎಷ್ಟೆಷ್ಟು ಬೇಕು, ಅದೇ ಸರಿಯಾದ ತಕ್ಕಡಿ
ಅಂದರು ತರಬೇತಿಗೆ ಬಂದ ಮೇಡಂ.
ತಿಳಿದವರು. ನಂಬಿದೆ. ಈಗಲೂ ನಂಬುತ್ತೇನೆ,
ಸೇರಿಗೆ ಸೇರು ಹೋಲಿಸದೆ ಪೇಟೆ ಹೇಗೆ ನಡೆದೀತು?
ಆದರೂ ನಮ್ಮ ಗಂಜಿನಲ್ಲಿ ತೊಗರಿ ತೂಗುವ ಹಮಾಲ ಕೂಡ
ಖಾಲಿ ಚೀಲದ ತೂಕ ಕಳೆಯುತ್ತಾನೆ.

ವರ್ಷದ ಮೇಲೆ ವರದಿ ಬಂತು,
ದೇಶಗಳೆಲ್ಲ ಕಂಬಗಳಾಗಿ ನಿಂತ ಹಾಳೆ.
ನಮ್ಮದು ಗಿಡ್ಡ. ಆ ಗಿಡ್ಡದರಲ್ಲೇ ಲಾಡ್ಲೇಸಾಬನನ್ನು ಹುಡುಕಿದೆ.
ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಟಿಪ್ಪಣಿ:
ಈ ದೇಶದ ಅಂಕಿ ತಿಂಗಳ ಸಂಬಳದವರದು ಮಾತ್ರ.
ಅವನಿಲ್ಲ.
ನಾನಿದ್ದೇನೆ.
ತುಟ್ಟಿಭತ್ಯೆ ಸಹಿತ,
ಕಂಬದಲ್ಲಿ ಒಂದು ಕೂದಲೆಳೆ ಎತ್ತರ ನನ್ನದು.

ಮರುಭೇಟಿಗೆ ಹೋದಾಗ ಅವನೇ ಕೇಳಿದ.
ಕಟ್ಟಿಗೆಯ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದರು,
ಇವನು ಎಬ್ಬಿಸಿದ ಪರ್ಸಿ ಹಡಗು ಹತ್ತಲಿಕ್ಕಿತ್ತು.
"ಅಲ್ಲಿ ಇದನ್ನ ನೆಲಕ್ಕ ಹಾಸ್ತಾನಲ್ರಿ, ಆ ಮೇಸ್ತ್ರಿ,
ಅವನಿಗಿ ಎಷ್ಟ್ ಕೊಡ್ತಾರ?"
ಹೇಳಿದೆ. ರೂಪಾಯಿಗೆ ತಿರುಗಿಸಿ, ಬುಟ್ಟಿಗೆ ಇಳಿಸಿ;
ಇಳಿಸಿದ ಮೇಲೂ ದೊಡ್ಡದೇ.
ಬೈಯುತ್ತಾನೆ ಅಂದುಕೊಂಡೆ, ಇಲ್ಲವೇ ನಗುತ್ತಾನೆ.
ಉಳಿಯ ಮೊನೆಯನ್ನು ಹೆಬ್ಬೆರಳಲ್ಲಿ ಸವರಿ ನೋಡಿ
"ತಾಸಿಗೋ, ಬ್ರಾಸಿಗೋ?" ಅಂದ.

ಮೂರು ದಿನದ ತರಬೇತಿಯಲ್ಲಿ ಇದನ್ನು
ಯಾರೂ ಕೇಳಿರಲಿಲ್ಲ. ನಾನೂ.
"ಉಳಿ ಅವಂದೋ, ಧಣಿದೋ? ಒಡದದ್ದು ಯಾರ ಲೆಕ್ಕಕ್ಕ?"
ಪೆನ್ಸಿಲ್ಲಿನಲ್ಲಿ ಬರೆದುಕೊಂಡೆ ಅಂಚಿಗೆ,
ಯಂತ್ರ ಓದದ ಜಾಗದಲ್ಲಿ.

ಕಾಶಿಂಬಿ ಹೊರೆ ಇಳಿಸಿ, ಸಿಂಬೆ ಕೈಯಲ್ಲಿ ಹಿಡಿದು ಬಂದಳು.
"ಅವನ ಹೇಣ್ತಿ ಕಲ್ಲ ಹೊರತಾಳೇನ್ರಿ?
ಅದನೂ ಕೇಳಿ ಬರೀರಿ."